ಲಿಫ್ಟಣ್ಣನ ಗಂಟೆ

ಸ್ಟ್ರೆಚರನ್ನು ಓರೆ ಮಾಡಿ ಒಳಗೆ ತೂರಿಸಿ, ಹೊತ್ತ ನಾಲ್ವರೂ ಗೋಡೆಗೆ ಬೆನ್ನು ಹಚ್ಚಿ ನಿಂತದ್ದೇ ತಡ, ಲಿಫ್ಟಿನ ಗಂಟೆ ಹೊಡೆದುಕೊಳ್ಳತೊಡಗಿತು. ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆದುಕೊಂಡಿತು.

“ಭಾರ ಜಾಸ್ತಿ ಆಯ್ತು. ಯಾರಾದ್ರೂ ಒಬ್ಬರು ಇಳೀರಪ್ಪ,” ಎಂದ ಶವದ ವ್ಯಾನಿನ ಡ್ರೈವರು.

ಮೂವತ್ತೊಂದು ವರ್ಷ ದೊಡ್ಡ ಕಚೇರಿಯೊಂದರ ಲಿಫ್ಟು ನಡೆಸಿದವನನ್ನು ಈ ಲಿಫ್ಟು ಇಳಿಸಲು ಒಲ್ಲೆ ಅನ್ನುತ್ತಿತ್ತು.

“ಲಿಫ್ಟಣ್ಣ ಎದ್ದು ಕೂತಿದ್ರೆ, ಒಂದು ಸಲ ಕಣ್ಣಾಡಿಸಿ ಯಾರು ಇಳೀಬೇಕು ಅಂತ ಹೇಳಿಬಿಡ್ತಿದ್ದ,” ಎಂದ ಪಕ್ಕದ ಮನೆಯ ದರ್ಜಿ. “ನನ್ನನ್ನಂತೂ ಇಳಿಸ್ತಿರಲಿಲ್ಲ. ನಾನು ಕಡ್ಡಿ.”

ಎಲ್ಲರಿಗಿಂತ ದಪ್ಪಗಿದ್ದ ಮಗ ತಲೆ ತಗ್ಗಿಸಿ ಹೊರಗೆ ಬಂದ. ಗಂಟೆ ನಿಂತಿತು.

“ನಾನು ಮೆಟ್ಟಿಲಲ್ಲಿ ಬರ್ತೀನಿ, ಅಕ್ಕ.”

“ನಾವೂ ಬರ್ತೀವಿ, ನಡಿ,” ಎಂದಳು ಅಕ್ಕ.

ಐದು ಮಹಡಿ. ಮೂರನೆಯದರಲ್ಲಿ ಅಕ್ಕತಮ್ಮ ಇಬ್ಬರೂ ಕಂಬಿ ಹಿಡಿದು ನಿಂತು ಉಸಿರು ಬಿಟ್ಟರು. ಅಕ್ಕನ ಒಂಬತ್ತು ವರ್ಷದ ಮಗಳು ಪುಟ್ಟಿ ಎರಡು ಮೆಟ್ಟಿಲು ಮುಂದೆ ಇಳಿದು ಅಮ್ಮನಿಗಾಗಿ ಕಾದಳು. ಅಮ್ಮ ಅವಳ ಕೈ ಹಿಡಿದಳು; ಹಿಡಿದ ನೆಪದಲ್ಲಿ ಮಣಿಕಟ್ಟನ್ನು ಎರಡು ಬೆರಳಿನ ನಡುವೆ ಅಳೆದುಕೊಂಡಳು. ದಪ್ಪವಾಗಿದೆಯೋ ಎಂದು ಒಂದು ವರ್ಷದಿಂದ ದಿನವೂ ಅಳೆಯುತ್ತಿದ್ದಳು. ನಾಳೆಯಿಂದ ಪುಟ್ಟಿ ತಾತನ ಮೇಜಿನಲ್ಲಿ ಊಟ ಮಾಡುವುದಿಲ್ಲ ಎಂದು ಬೆಳಿಗ್ಗೆ ಸುದ್ದಿ ಕೇಳಿದ ಗಳಿಗೆಯಲ್ಲೇ ಅವಳಿಗೆ ಹೊಳೆದಿತ್ತು. ಹೊಳೆದು ಎದೆ ಹಗುರಾಗಿತ್ತು. ಆ ಹಗುರಿಗೆ ನಾಚಿಕೊಂಡೇ ಅವಳು ಇಡೀ ಹೊತ್ತು ತಲೆ ಎತ್ತದೆ ಓಡಾಡಿದ್ದಳು.

*

ಕಚೇರಿಗೂ ಮನೆಗೂ ಒಂದೇ ರಸ್ತೆಯ ಅಂತರ. ಅಕ್ಕತಮ್ಮ ಚಿಕ್ಕವರಿದ್ದಾಗ, ಮಧ್ಯಾಹ್ನ ಲಿಫ್ಟಿಗೆ ಬೀಗ ಹಾಕಿ ಬರಲು ಅಪ್ಪನಿಗೆ ಹದಿನೈದು ನಿಮಿಷ ಸಿಗುತ್ತಿತ್ತು. ಹೋಗಿಬರುವುದಕ್ಕೆ ಎಂಟು ಕಳೆದರೆ ಊಟಕ್ಕೆ ಏಳು. ಅಪ್ಪ ಕೂರುತ್ತಿರಲಿಲ್ಲ. ಟೋಪಿಯನ್ನೂ ತೆಗೆಯದೆ, ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು ನಿಂತೇ ನುಂಗುತ್ತಿದ್ದ.

“ಯಾರು ಮೊದಲು?” ಎನ್ನುತ್ತಿದ್ದ ಮಕ್ಕಳಿಗೆ.

ಮಕ್ಕಳಿಗೆ ದಿನದಲ್ಲಿ ಅಪ್ಪ ಸಿಗುತ್ತಿದ್ದದ್ದು ಆ ಏಳು ನಿಮಿಷ ಮಾತ್ರ. ಮಿಕ್ಕದ್ದೆಲ್ಲ ಬೇರೆಯವರ ಮಹಡಿಗಳಿಗೆ. ಇಬ್ಬರೂ ಅಗಿಯದೆ ಗುಳುಂ ಮಾಡುತ್ತಿದ್ದರು. ಮೊದಲು ಮುಗಿಸಿದವರಿಗೆ ಬೆನ್ನು ತಟ್ಟಿ, ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ಬಡಿಸುವುದೇ ಬಹುಮಾನ. ಹಸಿವಿದೆಯೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅಕ್ಕನ ಹದಿನಾಲ್ಕನೇ ವಯಸ್ಸಿನಲ್ಲಿ ಸಮವಸ್ತ್ರದ ಅಳತೆ ತೆಗೆದ ದರ್ಜಿ, “ಹೊಲಿಗೆ ಒಳಗೆ ಬಟ್ಟೆ ಬಿಟ್ಟಿರ್ತೀನಮ್ಮ, ಬೇಕಾಗುತ್ತೆ,” ಎಂದು ಮೆಲ್ಲಗೆ ಹೇಳಿದ್ದ. ಬೇಕಾಯಿತು.

*

ಕಳೆದ ವರ್ಷ ಒಂದು ಸಂಜೆ ಅಕ್ಕ ಕೆಲಸದಿಂದ ಬೇಗ ಅಪ್ಪನ ಮನೆಗೆ ಬಂದಾಗ ಕಂಡದ್ದು ಎರಡು ತಟ್ಟೆ, ಅವುಗಳ ಮೇಲೆ ಬಾಗಿದ ಎರಡು ತಲೆ. ಪುಟ್ಟಿಯ ಕೆನ್ನೆ ಉಬ್ಬಿತ್ತು, ಅಗಿಯುತ್ತಿರಲಿಲ್ಲ. ಅಪ್ಪ ಬೆನ್ನು ತಟ್ಟಲು ಕೈ ಎತ್ತಿದ್ದ.

“ಅಪ್ಪ, ನಮ್ಮಿಬ್ಬರನ್ನ ಹೀಗೆ ಮಾಡಿದ್ದು ಸಾಕು. ಅವಳನ್ನಾದ್ರೂ ಬಿಟ್ಟುಬಿಡಿ.”

ಅಪ್ಪ ಒರೆಸಿದ ಮೇಜನ್ನೇ ಮತ್ತೆ ಒರೆಸಿದ. ಶಾಲೆ ಬಿಟ್ಟ ಮೇಲೆ ಮಗುವನ್ನು ಬಿಡಲು ಬೇರೆ ಜಾಗವಿರಲಿಲ್ಲ, ಹಾಗಾಗಿ ಪುಟ್ಟಿ ಅಲ್ಲಿಗೇ ಹೋಗುತ್ತಿದ್ದಳು. ರಾತ್ರಿ ಅಮ್ಮ ಕೇಳುವಳು: “ಇವತ್ತು ತಾತ ಎಷ್ಟು ತಿನ್ನಿಸಿದ್ರು?”

“ಏನೋ ಸ್ವಲ್ಪ. ಲಿಫ್ಟ್ ಆಟ ಆಡಿದ್ವಿ.”

ತಪ್ಪಿಸಿಕೊಳ್ಳುವ ಮಾತು ಎಂದುಕೊಂಡು ಅವಳು ಮಣಿಕಟ್ಟು ಅಳೆಯುತ್ತಿದ್ದಳು.

*

ಮಣ್ಣು ಮಾಡಿ ಬಂದಾಗ ನೆರೆಯವರು ಅನ್ನ, ಮೊಟ್ಟೆ, ಬೇಯಿಸಿದ ಆಲೂಗಡ್ಡೆ ತಂದಿಟ್ಟಿದ್ದರು. ಅಪ್ಪನ ತಂಗಿ, ಅಕ್ಕತಮ್ಮನ ಸೋದರತ್ತೆ, ಸೌಟು ಹಿಡಿದು ನಿಂತಿದ್ದಳು.

“ನರಳದೆ ಹೋದ. ಅದೇ ಸಮಾಧಾನ. ತಿನ್ನಿ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ.”

ತಮ್ಮನ ತಟ್ಟೆ ಆಗಲೇ ಎರಡನೇ ಸಲ ಖಾಲಿ. ಅಕ್ಕನದೂ ಮುಗಿಯುತ್ತ ಬಂದಿತ್ತು; ಬಾಯಿಗೆ ಹೋದದ್ದು ಮೊಟ್ಟೆಯೋ ಆಲೂಗಡ್ಡೆಯೋ ಅವಳಿಗೆ ತಿಳಿಯಲಿಲ್ಲ. ಪುಟ್ಟಿ ಒಂದು ಚಮಚ ತಿಂದು, ಚಮಚ ಕೆಳಗಿಟ್ಟು, ಅಗಿದು ಮುಗಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಅರ್ಧ ತಟ್ಟೆಗೆ ಬಂದಾಗ “ಟ್ರೀಂ” ಎಂದು ಬಾಯಲ್ಲೇ ಗಂಟೆ ಹೊಡೆದು ತಟ್ಟೆ ಸರಿಸಿದಳು.

“ಏನೇ ಅದು?” ಎಂದಳು ಅತ್ತೆ.

“ಲಿಫ್ಟು ಭರ್ತಿ. ಒಂದೊಂದು ತುತ್ತಿಗೂ ಒಂದೊಂದು ಮಹಡಿಲಿ ನಿಲ್ಲಬೇಕು. ಗಂಟೆ ಹೊಡೆದ ಮೇಲೆ ಯಾರನ್ನೂ ಹತ್ತಿಸೋ ಹಾಗಿಲ್ಲ. ತಾತಂದು ರೂಲು.”

ಅಮ್ಮನ ಕೈ ನಿಂತಿತು. “ತಾತನೂ ಆಡ್ತಿದ್ರಾ?”

“ಹೂಂ. ಕೂತ್ಕೊಂಡು. ಮೊದಮೊದಲು ಅವರಿಗೆ ಗಂಟೆ ಕೇಳಿಸ್ತಾನೇ ಇರಲಿಲ್ಲ. ಹಳೇ ಲಿಫ್ಟು, ತಂತಿ ಕಿತ್ತೋಗಿದೆ ಅಂತಿದ್ರು. ಅದಕ್ಕೆ ಅವರ ಪಾಲಿಂದೂ ನಾನೇ ಹೊಡೀತಿದ್ದೆ.” ಪುಟ್ಟಿ ಮಾಮನ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮಿಬ್ಬರ ಗಂಟೆ ಕೆಡಿಸಿದ್ದು ತಾನೇ ಅಂತಿದ್ರು. ರಿಪೇರಿ ಮಾಡಕ್ಕೆ ಬರುತ್ತಾ ಅಂದ್ರೆ, ‘ನಿನ್ನ ಕೈಲಿ ಆಗಬಹುದು’ ಅಂದ್ರು.”

ಹೊರಗೆ ಯಾರೋ ಕರೆದ ಲಿಫ್ಟು ಗೊರಗೊರ ಸದ್ದು ಮಾಡುತ್ತ ಮೇಲೆ ಬಂತು. ಅಕ್ಕ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದಳು. ಆಲೂಗಡ್ಡೆ. ಉಪ್ಪು ಒಂದಿಷ್ಟು ಹೆಚ್ಚಾಗಿತ್ತು.

“ಎಲ್ಲ ಚೆನ್ನಾಗೇ ಇದೆ, ಅಷ್ಟಕ್ಕೇ ನಿಲ್ಲಿಸಿದ್ರೆ ಹೇಗೆ,” ಎನ್ನುತ್ತ ಅತ್ತೆ ತುಂಬಿದ ಸೌಟನ್ನು ಅಕ್ಕನ ತಟ್ಟೆಯತ್ತ ಚಾಚಿದಳು.

ಪುಟ್ಟಿ ಅಮ್ಮನ ಮುಖ ನೋಡಿದಳು. ಅಮ್ಮ ಹೂಂ ಎಂಬಂತೆ ತಲೆಯಾಡಿಸಿದಳು. ಪುಟ್ಟಿ ಅಂಗೈಯನ್ನು ಅಮ್ಮನ ತಟ್ಟೆಯ ಮೇಲೆ ಅಡ್ಡ ಹಿಡಿದು, “ಟ್ರೀಂ” ಎಂದಳು.

ತಮ್ಮ ಆ ದಿನ ಮೊದಲ ಬಾರಿಗೆ ನಕ್ಕ. ಪುಟ್ಟ ಬೆರಳುಗಳ ಕೆಳಗೆ, ತಟ್ಟೆಯ ಅಂಚಿನಲ್ಲಿ, ಅರ್ಧ ಆಲೂಗಡ್ಡೆ ಉಳಿದಿತ್ತು. ಅತ್ತೆಯ ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತು, ಪಾತ್ರೆಗೆ ಇಳಿಯಿತು.