ನಾಲ್ಕನೆಯ ಕಾರ್ಡು

ಎರಡು ಸಾವಿರದ ಇಪ್ಪತ್ತಾರನೆಯ ಇಸವಿಯ ಮಾರ್ಚ್ ಏಳು, ಶನಿವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ಗಂಡ ಬ್ಯಾಂಕಿನ ಮೇಜಿನ ಮುಂದೆ ಕೂತು ಐದನೆಯ ಪ್ರಶ್ನೆ ಕೇಳಿದ.

"ಈ ವಿಮಾನ ಕಂಪನಿಯೇ ಮುಚ್ಚಿಹೋದ್ರೆ ನಮ್ಮ ಪಾಯಿಂಟ್‌ಗಳ ಗತಿ ಏನು?"

ಕಾರ್ಡು ವಿಭಾಗದ ಹುಡುಗಿಗೆ ಜೋರು ನೆಗಡಿ. ಮೂಗಿಗೆ ಕಾಗದ ಒತ್ತಿಕೊಂಡೇ ಅವಳು ಮೊದಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಳು. ಪಾಯಿಂಟ್‌ಗಳ ಆಯಸ್ಸು ಎಷ್ಟು, ಸೀಟು ಸಿಗದಿದ್ದರೆ ಏನು, ಒಬ್ಬರ ಪಾಯಿಂಟ್ ಇನ್ನೊಬ್ಬರಿಗೆ ಕೊಡಬಹುದೇ, ವಾರ್ಷಿಕ ಶುಲ್ಕ ಹೇಳದೆ ಕೇಳದೆ ಏರುತ್ತದೆಯೇ. ಐದನೆಯದಕ್ಕೆ ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಎದ್ದುಹೋದಳು. ಮೇಜಿನ ಮೇಲೆ ಮೂರು ಕಾರ್ಡುಗಳ ಬಣ್ಣದ ಹಾಳೆಗಳು ಉಳಿದವು. ಮೇಲಿನದರಲ್ಲಿ ನೀಲಿ ಆಕಾಶ, ಅದರಲ್ಲಿ ಒಂದು ವಿಮಾನದ ರೆಕ್ಕೆ. ಗಂಡ ಆ ಹಾಳೆಯ ಮೇಲೆ ತನ್ನ ಕನ್ನಡಕದ ಡಬ್ಬಿ ಇಟ್ಟಿದ್ದ. ಡಬ್ಬಿಗೆ ಬೇರೆಲ್ಲೂ ಜಾಗವಿಲ್ಲವೆಂಬಂತೆ.

ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಹನ್ನೊಂದು ವಾರಗಳ ಕೆಲಸ ಇಂದು ಮುಗಿಯಬೇಕಿತ್ತು. ಅವಳು ತೂಕ ಮತ್ತು ಅಳತೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಅಂಗಡಿಯವರ ತಕ್ಕಡಿ, ಔಷಧ ಅಂಗಡಿಗಳ ಸಣ್ಣ ತೂಕದ ಯಂತ್ರಗಳನ್ನು ಪರೀಕ್ಷಿಸಿ ಮೊಹರು ಹಾಕುವವಳು. ಯಾವುದನ್ನೂ ಅಂದಾಜಿನ ಮೇಲೆ ಒಪ್ಪುವ ಪೈಕಿಯವಳಲ್ಲ. ದಿನನಿತ್ಯದ ಖರ್ಚಿಗೇ ಪಾಯಿಂಟ್ ಕೊಟ್ಟು, ಅದರಲ್ಲೇ ಪ್ರಯಾಣದ ಟಿಕೆಟ್ ಮಾಡಿಸಿಕೊಡುವ ಕಾರ್ಡುಗಳಿವೆ ಎಂದು ಪಕ್ಕದ ಕೋಣೆಯ ಸಹೋದ್ಯೋಗಿ ಹೇಳಿದ ದಿನವೇ ಒಂದು ಪುಸ್ತಕಕ್ಕೆ ಗೆರೆ ಎಳೆದಿದ್ದಳು. ದಿನಸಿ, ಔಷಧಿ, ಪೆಟ್ರೋಲು, ಫೋನು, ಇತರೆ. ಅದುವರೆಗೆ ಅವರ ಮನೆಗೆ ಕ್ರೆಡಿಟ್ ಕಾರ್ಡು ಬಂದದ್ದೇ ಇಲ್ಲ. ಬೇಕೆನಿಸಿರಲಿಲ್ಲ, ಅಷ್ಟೇ. ಈಗ ಮೊದಲನೆಯದನ್ನು ಆರಿಸುವಾಗ ತಪ್ಪಾಗಬಾರದು. ಎರಡು ತಿಂಗಳಾದರೂ ಅವಳು ಗೆರೆ ಎಳೆಯುತ್ತಲೇ ಇದ್ದುದನ್ನು ಕಂಡು ಆ ಸಹೋದ್ಯೋಗಿ, "ಮೇಡಂ, ಇಷ್ಟು ಹೊತ್ತಿಗೆ ನಡ್ಕೊಂಡು ಹೊರಟಿದ್ರೂ ನಿಮ್ಮಕ್ಕನ ಮನೆ ಸೇರಿರ್ತಿದ್ರಿ" ಎಂದು ರೇಗಿಸಿದ್ದ.

ಅಕ್ಕ ಇರುವುದು ವಿಮಾನದಲ್ಲಿ ನಾಲ್ಕು ಗಂಟೆ ದೂರದಲ್ಲಿ. ಶಾಲೆಯೊಂದರ ಗ್ರಂಥಪಾಲಕಿ. ಮುಂದಿನ ಮಾರ್ಚ್ ಕೊನೆಗೆ ನಿವೃತ್ತಿ. ಆ ದಿನ ನೀವಿಬ್ಬರೂ ಇಲ್ಲಿರಬೇಕು ಎಂದು ಕರೆದಿದ್ದಳು. 'ಇಬ್ಬರೂ' ಎನ್ನುವಾಗ ಅಕ್ಕನ ದನಿ ತುಸು ತಗ್ಗಿದ್ದು ಫೋನಿನಲ್ಲೂ ಗೊತ್ತಾಗಿತ್ತು.

ತಗ್ಗುವುದಕ್ಕೆ ಕಾರಣ ಇತ್ತು. ಒಂಬತ್ತು ವರ್ಷದ ಹಿಂದೆ ಅಕ್ಕ, ಭಾವ ಇದೇ ಊರಿನಲ್ಲಿದ್ದರು. ಊರು ಬಿಡುವ ಹಿಂದಿನ ವಾರ ಎಲ್ಲರೂ ಅವರ ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತಿದ್ದರು. ಭಾವ ಮರಗೆಲಸದವರು, ಮೇಜು ಕುರ್ಚಿ ಮಂಚ ಮಾಡುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಾತ್ರ ಉಳಿ ಹಿಡಿದವರ ಹಾಗೆ. ಊಟದ ಮೇಜನ್ನು ತಟ್ಟಿ, ಇದು ಐವತ್ತು ವರ್ಷ ಇರುತ್ತದೆ ಎಂದಿದ್ದರು. ಆಮೇಲೆ ಲಿಫ್ಟ್ ರಿಪೇರಿ ಮಾಡುವ ತಮ್ಮ ಷಡ್ಡಕನ ಕಡೆ ತಿರುಗಿ, "ನಿನ್ನದೇನಪ್ಪಾ, ದಿನಾ ಮೇಲೆ ಹೋಗ್ತೀಯ, ಸಂಜೆಗೆ ಅದೇ ನೆಲಕ್ಕೆ ಬರ್ತೀಯ" ಎಂದು ನಕ್ಕಿದ್ದರು. ಗಂಡ ತಲೆ ತಗ್ಗಿಸಿ ಎರಡು ನಿಮಿಷ ಕೂತು, ಚಮಚ ಕೆಳಗಿಟ್ಟು, "ನಾನು ಹೊರಡ್ತೀನಿ" ಎಂದು ಎದ್ದುಬಿಟ್ಟಿದ್ದ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಅವಳು ಸಾಮಾನು ಕಟ್ಟಿಕೊಡಲು ಅಲ್ಲೇ ಎರಡು ದಿನ ಉಳಿದಳು. ಮನೆಗೆ ಬಂದಾಗ ಅವನು ಎಂದಿನಂತೆಯೇ ಇದ್ದ. ಗಾಯ ಕೆದಕುವುದೇಕೆ ಎಂದು ಅವಳು ಆ ಮಾತೆತ್ತಲಿಲ್ಲ.

ಆಮೇಲೆ ಅಕ್ಕ ಕರೆದಾಗಲೆಲ್ಲ ಅವನಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ರಜೆ ಇಲ್ಲ, ಹೊಸ ಕಟ್ಟಡದ ಕೆಲಸ, ಬೆನ್ನು ನೋವು. ಒಮ್ಮೆ ಅವಳೊಬ್ಬಳೇ ಹೋಗಿ ಬಂದಳು. ಅಲ್ಲಿ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ, ಅವನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನಾ ಎಂದು ಕೇಳಿದ್ದಳು. ಅವಳು ಇನ್ನೊಂದು ಬಟ್ಟೆ ತೆಗೆದುಕೊಂಡು ತಾನೂ ಪಾತ್ರೆ ಒರೆಸತೊಡಗಿದ್ದಳು.

ವಿಚಿತ್ರವೆಂದರೆ ಈ ಹನ್ನೊಂದು ವಾರ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಸಂಜೆ ಬಂದವನೇ ಅಂಗಿಯ ಜೇಬಿನಿಂದ ಗ್ರೀಸು ಹತ್ತಿದ ಚೀಟಿಗಳನ್ನು ತೆಗೆದು ಮೇಜಿನ ಮೇಲಿಡುತ್ತಿದ್ದ. ಒಂದು ಕಾಫಿ ಕುಡಿದರೂ ಚೀಟಿ. ಅಂಗಡಿಯವನು ಚೀಟಿ ಕೊಡದಿದ್ದರೆ ತಾನೇ ಬರೆದು, ಕೆಳಗೆ ಸಹಿ ಹಾಕಿ ಕೊಡುತ್ತಿದ್ದ. ಅವಳಿಗೆ ನಗು ಬಂದಿತ್ತು, ಆಸೆಯೂ ಮೂಡಿತ್ತು. ಕೋಪ ಇಳಿದಿರಬೇಕು ಎಂದುಕೊಂಡಿದ್ದಳು. ಲೆಕ್ಕವೆಲ್ಲ ಮುಗಿದು ನೀಲಿ ಕಾರ್ಡೇ ಸರಿ ಎಂದು ತೀರ್ಮಾನವಾಯಿತು. ದಿನಸಿಗೆ ನೂರಕ್ಕೆ ಮೂರು ಪಾಯಿಂಟ್, ಹತ್ತು ತಿಂಗಳಿಗೆ ಎರಡು ಟಿಕೆಟ್. ಅದನ್ನು ಹೇಳಿದ ಸಂಜೆಯಿಂದಲೇ ಅವನ ಪ್ರಶ್ನೆಗಳು ಶುರುವಾದವು.

ಹುಡುಗಿ ವಾಪಸು ಬಂದಳು. ಕಂಪನಿ ಮುಚ್ಚಿದರೆ ಪಾಯಿಂಟ್‌ಗಳನ್ನು ಬೇರೆ ರೂಪದಲ್ಲಿ ಕೊಡುವ ವ್ಯವಸ್ಥೆ ಇದೆ, ಇಪ್ಪತ್ತೆರಡನೆಯ ಕಲಮು ನೋಡಿ ಎಂದಳು. ಗಂಡ ಕನ್ನಡಕ ಹಾಕಿಕೊಂಡು ಆ ಕಲಮನ್ನು ಪೂರ್ತಿ ಓದಿದ. ಕೊನೆಗೆ ಬೆರಳಿನಿಂದ ಒಂದು ಸಾಲು ತೋರಿಸಿ, "ಬೇರೆ ರೂಪ ಅಂದ್ರೆ ಏನಮ್ಮ? ಅದನ್ನ ಈಗಲೇ ತಗೊಳ್ಳೋಕಾಗಲ್ವಾ?" ಎಂದು ಕೇಳಿದ.

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. ದನಿ ಏರಿಸಲಿಲ್ಲ. ಹುಡುಗಿಗೆ ಕೇಳಿಸಬಾರದೆಂದು ಅವನ ಕಡೆ ಬಾಗಿದಳು, ಆದರೆ ಮೇಜು ಅಷ್ಟು ಅಗಲದ್ದೇನೂ ಅಲ್ಲ.

"ರೀ, ನಿಮಗೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿಬಿಡಿ. ಈ ಕಲಮು ಆ ಕಲಮು ಅಂತ ಸುತ್ತಿ ಬಳಸಬೇಡಿ. ಅವರ ಮುಖ ನೋಡೋಕೆ ಆಗಲ್ಲ ಅಂದ್ರೆ ಬೇಡ. ನಾನು ಒಂದೇ ಟಿಕೆಟ್ಟಿಗೆ ಲೆಕ್ಕ ಹಾಕ್ತೀನಿ."

ಅವನು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. "ಯಾರ ಮುಖ?"

"ಭಾವಂದು. ಇನ್ಯಾರ್ದು?"

"ಅವರ ಮುಖಕ್ಕೇನಾಗಿದೆ?"

ಅವಳು ಹೇಳಬೇಕಾಯಿತು. ಊಟದ ಮೇಜು, ಐವತ್ತು ವರ್ಷ, ಮೇಲೆ ಹೋಗಿ ಕೆಳಗೆ ಬರುವ ಮಾತು, ಅರ್ಧಕ್ಕೆ ಬಿಟ್ಟ ತಟ್ಟೆ. ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಬ್ಯಾಂಕಿನ ತಿರುಗುಕುರ್ಚಿಯಲ್ಲಿ ಕೂತು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದಳು. ಕೇಳುತ್ತಾ ಕೇಳುತ್ತಾ ಅವನ ಹುಬ್ಬುಗಳು ಹತ್ತಿರವಾದವು. ಯಾವುದೋ ಹಳೆಯ ಕಟ್ಟಡದ ನಕ್ಷೆ ನೆನಪಿಸಿಕೊಳ್ಳುವವನಂತೆ ಗೋಡೆ ನೋಡಿದ.

"ಅವತ್ತಾ? ಅವತ್ತು ಆಸ್ಪತ್ರೆ ಲಿಫ್ಟಲ್ಲಿ ಇಬ್ಬರು ಸಿಕ್ಕಿಹಾಕ್ಕೊಂಡಿದ್ರಲ್ಲ. ಫೋನಿಗೆ ಮೆಸೇಜ್ ಬಂತು. ಹೊರಡ್ತೀನಿ ಅಂತ ಹೇಳಿಯೇ ಹೋದೆ."

"ಯಾಕೆ ಹೊರಟಿರಿ ಅಂತ ಹೇಳಲಿಲ್ಲ."

"ಊಟ ಮಾಡ್ತಿದ್ದೋರ ಮುಂದೆ ಅದನ್ನೆಲ್ಲ ಏನು ಹೇಳೋದು? ನಾಲ್ಕನೇ ಮಹಡಿಗೂ ಐದಕ್ಕೂ ನಡುವೆ ನಿಂತಿತ್ತು. ಒಬ್ಬ ಮುದುಕ, ಜೊತೆಗೊಬ್ಬ ನರ್ಸು." ಆಮೇಲೆ ನಿಧಾನವಾಗಿ ಸೇರಿಸಿದ. "ಭಾವ ಏನಂದ್ರು ಅನ್ನೋದೇ ನಂಗೆ ನೆನಪಿಲ್ಲ. ಅಂದಿದ್ರೂ ತಪ್ಪೇನಿದೆ? ಮೇಲೆ ಹೋಗೋದು, ಕೆಳಗೆ ಬರೋದು. ಕೆಲಸ ಇರೋದೇ ಅದು."

ಹುಡುಗಿ ಮೂಗು ಒರೆಸುವ ನೆಪದಲ್ಲಿ ಕಂಪ್ಯೂಟರ್ ಪರದೆಯ ಹಿಂದೆ ಮುಖ ಮರೆಸಿಕೊಂಡಳು.

ಅಂಗಡಿಯವನ ತಕ್ಕಡಿ ತಪ್ಪು ತೋರಿಸಿದರೆ ಅವಳು ಮೊದಲು ತನ್ನ ತೂಕದ ಬಟ್ಟುಗಳನ್ನು ಪರೀಕ್ಷಿಸುತ್ತಾಳೆ. ಇಲ್ಲಿ ಒಂಬತ್ತು ವರ್ಷ ಆ ಕೆಲಸ ಮಾಡಿರಲಿಲ್ಲ. ಅವನ ಮೌನಕ್ಕೆ ತಾನೇ ಒಂದು ತೂಕ ಕಟ್ಟಿ, ಅದನ್ನೇ ಸರಿಯೆಂದು ಮೊಹರು ಹಾಕಿಬಿಟ್ಟಿದ್ದಳು.

"ಮತ್ತೆ ಯಾಕೆ ಬರ್ತಿರಲಿಲ್ಲ?" ಎಂದು ಕೇಳಿದಳು.

ಅವನು ಕನ್ನಡಕದ ಡಬ್ಬಿಯನ್ನು ತೆರೆದ, ಮುಚ್ಚಿದ. ಹುಡುಗಿಯ ಕಡೆ ಒಮ್ಮೆ ನೋಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿರಬೇಕು.

"ಲಿಫ್ಟಿಗೆ ಆರು ಹಗ್ಗ ಇರುತ್ತೆ. ಉಕ್ಕಿನ ಹಗ್ಗ. ಐದು ಕಿತ್ತುಹೋದ್ರೂ ಒಂದು ಹಿಡಿಯುತ್ತೆ. ಅದೂ ಕಿತ್ತರೆ ಕೆಳಗಡೆ ಬ್ರೇಕು ಹಳಿಯನ್ನ ಕಚ್ಚಿ ನಿಲ್ಲಿಸುತ್ತೆ. ಅದನ್ನೆಲ್ಲ ನಾನು ಕೈಯಾರೆ ಮುಟ್ಟಿ ನೋಡಿರ್ತೀನಿ." ವಿಮಾನದ ರೆಕ್ಕೆಯ ಕಡೆ ಗಲ್ಲ ತೋರಿಸಿದ. "ಇದು ಯಾವುದರಿಂದ ನೇತಾಡುತ್ತೆ ಹೇಳು?"

ಅವಳು ಬಾಯಿ ತೆರೆದಳು. ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ, ಕೆಳಗೆ ಹೆಚ್ಚು ಎಂಬ ಕಾಲೇಜಿನ ಪಾಠ ನಾಲಿಗೆಯ ತುದಿಗೆ ಬಂತು. ಅವನ ಮುಖ ನೋಡಿ ನುಂಗಿಕೊಂಡಳು. ಇಪ್ಪತ್ತು ಮಹಡಿಯ ಬಾವಿಯಂಥ ಶಾಫ್ಟಿನೊಳಗೆ ಒಂದು ಹಲಗೆಯ ಮೇಲೆ ನಿಂತು ತಿಂಡಿ ತಿನ್ನುವ ಮನುಷ್ಯ. ಅವನ ಕಿವಿಗಳು ಕೆಂಪಾಗಿದ್ದವು.

"ಮೊದಲೇ ಹೇಳಬಾರದಾ?"

"ಹೇಗೆ ಹೇಳ್ಲಿ? ನನ್ನ ಕೆಲಸ ಏನು, ನಾನು ಹೆದರೋದು ಯಾವುದಕ್ಕೆ. ಕೆಲಸದಲ್ಲಿ ಜೊತೆಯವರಿಗೆ ಗೊತ್ತಾದ್ರೆ ರಿಟೈರ್ ಆಗೋವರೆಗೂ ಬಿಡಲ್ಲ ಅವರು. ನೀನು ಪುಸ್ತಕಕ್ಕೆ ಗೆರೆ ಹಾಕಿದಾಗ ನಂಗೂ ಆಸೆ ಆಯ್ತು. ಚೀಟಿ ಕೊಡ್ತಾ ಕೊಡ್ತಾ ಧೈರ್ಯ ಬರಬಹುದು ಅಂದ್ಕೊಂಡೆ. ಬರಲಿಲ್ಲ."

ಅವಳಿಗೆ ನಗು ಬಂತು. ತಡೆದರೆ ಕಣ್ಣಲ್ಲಿ ನೀರು ಬರುತ್ತದೆಂದು ಗೊತ್ತಾಗಿ ನಕ್ಕುಬಿಟ್ಟಳು. ಪುಣ್ಯಕ್ಕೆ ಅವನೂ ನಕ್ಕ, ಸ್ವಲ್ಪ ತಡವಾಗಿ, ಸೊಟ್ಟಗೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಬ್ಯಾಂಕಿನಲ್ಲಿ ನಗುವವರು ಕಡಿಮೆ.

ಹುಡುಗಿ ನೀಲಿ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ಕೆಳಗಿನ ಡ್ರಾಯರು ತೆರೆದಳು. ತಳದಿಂದ ನಾಲ್ಕನೆಯ ಕಾರ್ಡಿನ ಹಾಳೆಯೊಂದು ಹೊರಬಂತು. ಅಂಚು ಮಡಚಿಹೋಗಿತ್ತು, ಬಣ್ಣವೂ ಮಂಕು.

"ಇದನ್ನ ಯಾರೂ ಕೇಳಲ್ಲ ಸರ್. ಪಾಯಿಂಟ್ ಸ್ವಲ್ಪ ಕಡಿಮೆ. ಆದ್ರೆ ರೈಲು, ಬಸ್ಸು, ಹೋಟೆಲು, ಎಲ್ಲದಕ್ಕೂ ನಡೆಯುತ್ತೆ." ಮೂಗು ಒರೆಸಿಕೊಂಡು ಸೇರಿಸಿದಳು. "ಎಲ್ಲಾ ನೆಲದ ಮೇಲೇ."

ಗಂಡ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಓದತೊಡಗಿದ. ಅವಳು ಪುಸ್ತಕ ತೆಗೆದು ಕೊನೆಯ ಪುಟದಲ್ಲಿ ಹೊಸದಾಗಿ ಲೆಕ್ಕ ಹಾಕಿದಳು. ನೂರಕ್ಕೆ ಎರಡೇ ಪಾಯಿಂಟ್. ಆದರೆ ಮಲಗುವ ಬೋಗಿಯ ಟಿಕೆಟ್ಟಿಗೆ ಬೇಕಾಗುವ ಪಾಯಿಂಟೂ ಕಡಿಮೆ. ಶುಲ್ಕ ನೀಲಿಯದರ ಮೂರನೇ ಒಂದು ಭಾಗ. ಇಬ್ಬರಿಗೂ ಹೋಗಿ ಬರಲು ಹನ್ನೊಂದು ತಿಂಗಳು ಸಾಕು, ಅಕ್ಕನ ದಿನಕ್ಕೆ ಇನ್ನೂ ಕೆಲವು ವಾರ ಮಿಗುತ್ತವೆ. ಪ್ರಯಾಣ ಮಾತ್ರ ಒಂದೊಂದು ಕಡೆಗೆ ಐವತ್ತೊಂದು ಗಂಟೆ. ಅದನ್ನು ಅಳುಕುತ್ತಲೇ ಹೇಳಿದಳು.

"ಐವತ್ತೊಂದು ಗಂಟೆ ಕೂತಿರೋದಾ?" ಅವನು ಹಾಳೆಯಿಂದ ಕಣ್ಣೆತ್ತಲಿಲ್ಲ. "ನಿದ್ದೆ ಮಾಡಿ ಎಷ್ಟು ವರ್ಷ ಆಯ್ತು ನಾನು. ಎಲ್ಲಿ ಸಹಿ?"

ಸಹಿಗೆ ಮುಂಚೆ ಅವನು ಇನ್ನೊಂದೇ ಒಂದು ಪ್ರಶ್ನೆ ಕೇಳಿದ. ಪ್ರತಿ ತಿಂಗಳು ಪೂರ್ತಿ ಹಣ ಬ್ಯಾಂಕೇ ತಾನಾಗಿ ಖಾತೆಯಿಂದ ತೆಗೆದುಕೊಳ್ಳುವ ಹಾಗೆ ಮಾಡಬಹುದೇ ಎಂದು. ಮಾಡಬಹುದು ಎಂದು ಹುಡುಗಿ ಗುರುತು ಹಾಕಿದಳು. ಹೆಂಡತಿ ಕೇಳಬೇಕೆಂದಿದ್ದದ್ದೂ ಅದನ್ನೇ.

ಸಂಜೆ ಆರಕ್ಕೆ ಅಕ್ಕನಿಗೆ ಫೋನು ಮಾಡಿದಳು. ಕಾರ್ಡಿನ ವಿಷಯ ಎರಡು ಮಾತಿನಲ್ಲಿ ಮುಗಿಯಿತು. ಆಸ್ಪತ್ರೆಯ ಲಿಫ್ಟಿನ ವಿಷಯ ಹೇಳಿದ ಮೇಲೆ ಲೈನು ಕಟ್ಟಾಯಿತೇನೋ ಎಂದು ಅವಳು ಎರಡು ಸಲ ಅಕ್ಕಾ ಎಂದಳು.

"ಇದ್ದೀನಿ ಕಣೇ," ಎಂದಳು ಅಕ್ಕ. "ನಿನ್ನ ಭಾವ ಒಂಬತ್ತು ವರ್ಷದಿಂದ ಆ ಮಾತು ಆಡಬಾರದಿತ್ತು ಅಂತ ಕೊರಗ್ತಿದ್ದಾರೆ. ನಾನು ಬೇರೆ, ಹೌದು ಆಡಬಾರದಿತ್ತು ಅಂತ ದಿನಾ ಉಪ್ಪು ಹಚ್ತಿದ್ದೆ."

ಆಮೇಲೆ ಫೋನು ಕೈ ಬದಲಾಯಿತು. ಯಾರೋ ಗಂಟಲು ಸರಿಮಾಡಿಕೊಂಡರು. ಭಾವ ಚೆನ್ನಾಗಿದ್ದೀಯಾ ಎಂದೂ ಕೇಳಲಿಲ್ಲ.

"ಅವನು ಎಷ್ಟು ಉದ್ದ ಇದ್ದಾನೆ?"

ಏಕೆಂದು ಕೇಳಿದ್ದಕ್ಕೆ, ಹಿಂದಿನ ಕೋಣೆಯಲ್ಲಿರುವ ಮಂಚ ಗಿಡ್ಡ, ಅವನ ಕಾಲು ಹೊರಗೆ ಬರುತ್ತದೆ ಎಂದರು. ಇನ್ನೂ ಒಂದು ವರ್ಷ ಇದೆಯಲ್ಲ ಭಾವ ಎಂದಳು. ಅದಕ್ಕೇ ಕೇಳುತ್ತಿರುವುದು ಎಂದು ಭಾವ ಸ್ವಲ್ಪ ಗದರಿದರು. ಈಗಲೇ ಹಲಗೆ ಕೊಯ್ದಿಟ್ಟರೆ ಮುಂದಿನ ಮಾರ್ಚಿಗೆ ಮರ ಚೆನ್ನಾಗಿ ಒಣಗಿರುತ್ತದೆ, ಹಸಿ ಮರದಲ್ಲಿ ಮಾಡಿದರೆ ಅವನು ಮಗ್ಗಲು ಬದಲಿಸಿದಾಗಲೆಲ್ಲ ಕಿರುಗುಟ್ಟುತ್ತದೆ. ಅಂದಾಜು ಬೇಡ, ಅಳೆದು ಹೇಳು.

ಅವಳು ಫೋನನ್ನು ಕಪಾಟಿನ ಮೇಲಿಟ್ಟು ಗಂಡನನ್ನು ಕರೆದಳು. ವಿಷಯ ಕೇಳಿ ಅವನು ಚಪ್ಪಲಿ ಬಿಟ್ಟು, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ತಾಗಿಸಿ, ಫೋಟೋಗೆ ನಿಂತವನ ಹಾಗೆ ಗಲ್ಲ ಎತ್ತಿದ. ಗಲ್ಲ ಇಳಿಸಿ ಎಂದಳು. ಇಳಿಸಿದ. ಅವಳು ಸ್ಟೂಲು ಹತ್ತಿ, ಅವನ ನೆತ್ತಿಯ ಮೇಲೆ ಅಡ್ಡಪಟ್ಟಿ ಇಟ್ಟು, ತೆಳ್ಳಗಾಗಿದ್ದ ಕೂದಲನ್ನು ಒತ್ತಿ, ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಸಣ್ಣದೊಂದು ಗೆರೆ ಎಳೆದಳು. ಅವನು ಪಕ್ಕಕ್ಕೆ ಸರಿದು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದ. ಕಪಾಟಿನ ಮೇಲಿನ ಫೋನಿನಲ್ಲಿ ಭಾವ ಪೆನ್ನು ಎಲ್ಲಿ ಎಂದು ಅಕ್ಕನನ್ನು ಕೇಳುತ್ತಿದ್ದುದು ಕೇಳಿಸುತ್ತಿತ್ತು. ಪೆನ್ನು ಸಿಗುವವರೆಗೆ ಇಬ್ಬರೂ ಹಾಗೇ ಕಾದರು.

ನೂರ ಎಂಬತ್ತಮೂರು ಸೆಂಟಿಮೀಟರ್.