ಡಾಟ್ಸನ್ನಿಗೆ ಹೊಸ ಕನ್ನಡಿ

ಮಂದಾಕಿನಿಬಾಯಿ ಕಾರು ದಾನ ಕೊಡುವ ಮಾತು ತೆಗೆದಾಗ ಮಿಸ್ತ್ರಿ ಗೌಸಸಾಬ ತನ್ನ ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿದ್ದ. ಆಕೆಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು ಮಾತ್ರ. ಪಾದಗಳಿಗೇ ಹೇಳಿದಳು.

"ಗೌಸಸಾಬ್ರ, ಡಾಟ್ಸನ್ ಸಾಲಿಗೆ ಕೊಡಬೇಕಂತ ಮಾಡೀನಿ. ಐತವಾರ ಬಂದು ನೋಡ್ತಾರ. ಚಲೋತ್ನಂಗ ತಯಾರ ಮಾಡ್ರಿ."

ಪಾದಗಳು ಅಲುಗಲಿಲ್ಲ. ಒಳಗೆಲ್ಲೋ ಬೋಲ್ಟು ಬಿಚ್ಚುವ ಪಾನಾ ಬಿದ್ದ ಸದ್ದಾಯಿತು.

"ದಾನಾನ್ರಿ, ಬಾಯಾರ?"

"ದಾನ."

"ಪೂರಾ ಕಾರು?"

"ಅರ್ಧಾ ಕಾರು ಯಾರರೆ ದಾನ ಕೊಡ್ತಾರೇನ್ರಿ?"

ಗೌಸಸಾಬ ಹೊರಗೆ ತೆವಳಿ ಬಂದ. ಮೀಸೆಯವರೆಗೂ ಗ್ರೀಸು. "ಎರಡ ಸೀಟು ಅದಾವ್ರಿ ಅದರಾಗ. ಹನ್ನೊಂದು ಮಕ್ಕಳನ್ನ ಟಾಪಿನ ಮ್ಯಾಲ ಕುಂದ್ರಸ್ತೀರೇನು?"

ಮಂದಾಕಿನಿಬಾಯಿ ವಿವರಿಸಿದಳು. ಮಡಗಾಂವದಲ್ಲಿ ಮೆನೆಜಿಸ್ ಎಂಬ ಸಾಹುಕಾರರಿದ್ದಾರೆ, ಹಳೆಯ ಕಾರುಗಳ ಹುಚ್ಚು. ಡಾಟ್ಸನ್ ಅವರಿಗೆ ಕೊಟ್ಟರೆ ಶಾಲೆಗೆ ಹೊಸ ವ್ಯಾನ್ ಕೊಡುತ್ತಾರೆ. ಜೂನ್ ಮೂರಕ್ಕೆ ಶಾಲೆ ಶುರು.

ಶಾಲೆಯೆಂದರೆ ಮಡಗಾಂವದ ಪಕ್ಕದ ಫಾತೋರ್ಡಾದಲ್ಲಿರುವ ಕಿವಿ ಕೇಳದ ಮಕ್ಕಳ ಶಾಲೆ. ವಾರಕ್ಕೆ ಮೂರು ದಿನ ಆಕೆ ಅಲ್ಲಿ ಪಾಠ ಮಾಡುತ್ತಿದ್ದಳು. ಈ ಕಡೆಯ ಗಣಿಯೂರುಗಳಾದ ಕುಡಚಡೆ, ಸಾವರ್ಡೆಗಳಿಂದ ಹೋಗುವ ಹನ್ನೊಂದು ಮಕ್ಕಳು ಎರಡು ಬಸ್ಸು ಬದಲಿಸಬೇಕು. ಮಳೆಗಾಲದಲ್ಲಿ ಬಸ್ಸಿನ ಪರದೆಗಳನ್ನು ಇಳಿಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ, ಕಂಡಕ್ಟರ್ ಕೂಗಿದ್ದು ಈ ಮಕ್ಕಳಿಗೆ ಕೇಳುವುದಿಲ್ಲ. ಹೋದ ವರ್ಷ, ತೊಂಬತ್ತರ ಮಳೆಗಾಲದಲ್ಲಿ, ನಾಲ್ವರು ಶಾಲೆಯನ್ನೇ ಬಿಟ್ಟಿದ್ದರು. ವ್ಯಾನ್ ಬರದಿದ್ದರೆ ಈ ಸಲ ಇನ್ನೆಷ್ಟು ಜನ ಬಿಡುತ್ತಾರೋ ಎಂದು ಆಕೆ ಬೆರಳು ಮಡಚತೊಡಗಿದ್ದಳು.

ಡಾಟ್ಸನ್ ಆಕೆಯ ಗಂಡ ವೆಂಕಣ್ಣನದು. ಧಾರವಾಡದಿಂದ ಬಂದು ಗಣಿ ಕಂಪನಿಯಲ್ಲಿ ಅದಿರು ಪರೀಕ್ಷಿಸುತ್ತಿದ್ದವನು. ಅದಿರು ಕೊಳ್ಳಲು ಬಂದಿದ್ದ ಜಪಾನಿ ಅಧಿಕಾರಿಯೊಬ್ಬರು ತಮ್ಮೊಂದಿಗೆ ತಂದ ಕಾರನ್ನು, ಊರಿಗೆ ಮರಳುವಾಗ, ಕಸ್ಟಮ್ಸ್ ಕಾಗದಪತ್ರಗಳನ್ನೆಲ್ಲ ಮುಗಿಸಿ ಗೆಳೆಯ ವೆಂಕಣ್ಣನಿಗೆ ಬಿಟ್ಟುಹೋಗಿದ್ದರು. ಕಿತ್ತಳೆ ಬಣ್ಣ. ಅರ್ಧ ಕಾರು ಮೂತಿಯೇ. ಆ ಮೂತಿಯ ತುದಿಯಲ್ಲಿ, ಡ್ರೈವರನಿಂದ ಮಾರುದೂರದಲ್ಲಿ, ಎರಡು ಪುಟ್ಟ ಕನ್ನಡಿಗಳು. ಎರಡು ವರ್ಷದ ಹಿಂದೆ ವೆಂಕಣ್ಣ ತೀರಿಕೊಂಡ ಮೇಲೂ ಪ್ರತಿ ಐತವಾರ ಗೌಸಸಾಬ ಬಂದು ಅದನ್ನು ಒಂದು ಸುತ್ತು ಓಡಿಸಿ ಹೋಗುತ್ತಿದ್ದ.

ಮೆನೆಜಿಸ್ ಅವರ ಪತ್ರದಲ್ಲಿ ಒಂದು ಷರತ್ತಿತ್ತು: ಕಾರು ಜಪಾನಿನಿಂದ ಇಳಿದಾಗ ಹೇಗಿತ್ತೋ ಹಾಗೇ ಇರಬೇಕು. ಮಂದಾಕಿನಿಬಾಯಿ ಅದನ್ನು ಹೇಳಲಿಲ್ಲ. ಕಾರನ್ನು ತನಗಿಂತ ಚೆನ್ನಾಗಿ ಬಲ್ಲವನಿಗೆ ಹೇಳುವುದೇನು ಎಂದುಕೊಂಡಳು.

ಗೌಸಸಾಬನೋ ದಾನವನ್ನು ಬಲ್ಲವನು. ಇಂಡಿ ಕಡೆಯ ಅವನ ಹಳ್ಳಿಯಲ್ಲಿ ಅವನ ತಾಯಿ ಮೌಲಾಬಿ ರಮ್ಜಾನಿಗೆ ಸೀರೆ ದಾನ ಕೊಡುವಾಗ ಅಂಗಡಿಯಲ್ಲಿ ಮಡಚಿಕೊಟ್ಟ ಘಡಿ ಕೂಡ ಬಿಚ್ಚುತ್ತಿರಲಿಲ್ಲ. ಉಟ್ಟ ಸೀರೆ ಕೊಟ್ಟರೆ ಅದು ದಾನವಲ್ಲ, ಮನೆ ಸ್ವಚ್ಛ ಮಾಡಿದ್ದು ಎನ್ನುತ್ತಿದ್ದಳು. ಗೌಸಸಾಬ ತನ್ನ ಕೈಯಿಂದಲೇ ಖರ್ಚು ಹಾಕಿ ಮೂರು ದಿನ ದುಡಿದ.

ಶುಕ್ರವಾರ ಗ್ಯಾರೇಜಿಗೆ ಬಂದ ಮಂದಾಕಿನಿಬಾಯಿ ಕಾರನ್ನು ಒಂದು ಸುತ್ತು ಹಾಕಿದಳು. ಮೂತಿಯ ಕನ್ನಡಿಗಳಿಲ್ಲ. ಬಾಗಿಲುಗಳಿಗೆ ಲಾರಿಯ ಕನ್ನಡಿಗಳು, ಊಟದ ತಟ್ಟೆಯಷ್ಟು ದೊಡ್ಡವು. ಹೊಸ ಸ್ಟೇರಿಂಗ್, ಕೆಂಪು. ಚಕ್ರಗಳ ಮೇಲೆ ಫಳಫಳ ಹೊಳೆಯುವ ಹೊಸ ತಾಟುಗಳು. ಸೀಟುಗಳ ಮೇಲೆ ಗುಲಾಬಿ ಹೂವಿನ ಮಖಮಲ್ಲು.

"ಹೆಂಗೈತ್ರಿ?" ಎಂದ ಗೌಸಸಾಬ. "ಮದುಮಗಳಾಗ್ಯಾಳಲ್ರಿ?"

ಆಕೆ ಲಾರಿಯ ಟಯರೊಂದರ ಮೇಲೆ ಕುಳಿತು ಷರತ್ತನ್ನು ಹೇಳಿದಳು. ಅವನು ನಂಬಲಿಲ್ಲ.

"ಹಳೇದು ಇದ್ರನ ತಗೋತಾರಂತ? ಹೊಸಾದು ಬ್ಯಾಡಂತ?"

"ಬ್ಯಾಡಂತ."

"ಶ್ಯಾಣ್ಯಾರೇನ್ರಿ ಅವರು?"

"ಗೌಸಸಾಬ್ರ, ಮೊದಲಿನ ಸಾಮಾನು ಎಲ್ಲಿ ಅವ?"

"ನಿಮ್ಮ ಮನ್ಯಾಗ! ಬಿಚ್ಚಿದ ಸಾಮಾನು ಮಾಲಕರಿಗೆ ತಿರುಗಿ ಮುಟ್ಟಿಸೋದು ನಮ್ಮ ಗ್ಯಾರೇಜಿನ ಪದ್ಧತಿ. ಇಲ್ಲಂದ್ರ ಮಿಸ್ತ್ರಿ ಕಳ್ಳ ಅಂತಾರ. ಗೋಣಿಚೀಲದಾಗ ತುಂಬಿ ನಿನ್ನೆ ನಿಮ್ಮ ಕಟ್ಟಿ ಮ್ಯಾಲ ಇಟ್ಟ ಬಂದೀನ್ರೀ."

ಮಂದಾಕಿನಿಬಾಯಿ ತಲೆಯ ಮೇಲೆ ಕೈ ಹೊತ್ತಳು. ಆ ಚೀಲ ಕಂಡದ್ದೇ ತಡ, ಬಿಚ್ಚಿಯೂ ನೋಡದೆ, ಯಾರೋ ಲಾರಿಯವರು ಕಸ ಎಸೆದಿದ್ದಾರೆಂದು ಬೈದು, ಗುಜರಿಯ ಲಾಲಿಬಾಯಿಗೆ ಕೊಟ್ಟು ಒಂದು ಹಸಿರು ಬಕೀಟು ತೆಗೆದುಕೊಂಡಿದ್ದಳು.

ಗೌಸಸಾಬ ಅಷ್ಟು ಹೊತ್ತಿನಿಂದ ತಪ್ಪಿತಸ್ಥನಂತೆ ನಿಂತಿದ್ದವನು ನೆಟ್ಟಗಾದ. "ಬಕೀಟು ಚಲೋ ಐತೇನ್ರಿ?"

"ನಗಬ್ಯಾಡ್ರಿ."

"ನಾ ಎಲ್ಲಿ ನಕ್ಕೇನ್ರಿ?"

ಲಾಲಿಬಾಯಿಯ ಗುಜರಿ ಅಂಗಡಿ ಸ್ಟೇಶನ್ನಿನ ಹಿಂದೆ. ಇಬ್ಬರೂ ಅಲ್ಲಿಗೆ ನಡೆದರು. ಮಂದಾಕಿನಿಬಾಯಿಯ ಕೈಯಲ್ಲಿ ಬಕೀಟು ನೋಡಿ ಲಾಲಿಬಾಯಿ ದೂರದಿಂದಲೇ ಕೂಗಿದಳು: "ಸೋರಾಕತ್ತೇತೇನ್ರಿ ಅವ್ವಾರ? ಕೊಟ್ಟ ಮಾಲು ತಿರುಗಿ ತಗೊಳ್ಳಂಗಿಲ್ಲ ನೋಡ್ರಿ!"

ವಿಷಯ ಕೇಳಿ ತಂಬಾಕು ಉಗುಳಿ ಲೆಕ್ಕ ಒಪ್ಪಿಸಿದಳು. ಸ್ಟೇರಿಂಗು ಅಲ್ಲೇ ಗೋಡೆಯ ಮೊಳೆಗಿತ್ತು. ಚೆಂದ ಕಂಡಿತೆಂದು ತೂಗುಹಾಕಿದ್ದಳಂತೆ. ಕನ್ನಡಿಗಳನ್ನು ಕಟಿಂಗ್ ಅಂಗಡಿಯವನು ಒಯ್ದ. ಚಕ್ರದ ನಾಲ್ಕು ತಾಟುಗಳನ್ನು ಮೀನು ಮಾರುವ ಹೆಂಗಸು ಒಯ್ದಳು. "ಮಕ್ಕಳ ಸಾಲೀದು ಅಂದ್ರ ಬಕೀಟೂ ಇಟಗೋರಿ, ಸ್ಟೇರಿಂಗೂ ಒಯ್ರಿ," ಎಂದಳು ಲಾಲಿಬಾಯಿ. "ಖರೇ ಆ ಕೆಂಪ ಸ್ಟೇರಿಂಗು ನನಗ ಕೊಡ್ರಿ."

ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೊಬ್ಬ ಜಪಾನಿನ ಕನ್ನಡಿಯಲ್ಲಿ ತನ್ನ ಕಿವಿಯ ಹಿಂಭಾಗ ನೋಡಿಕೊಳ್ಳುತ್ತಿದ್ದ. ಗೌಸಸಾಬ ಲಾರಿಯ ಕನ್ನಡಿ ಕೊಡುತ್ತೇನೆಂದ ಕೂಡಲೇ ಅಂಗಡಿಯವನು ಅದನ್ನು ಗಿರಾಕಿಯ ಕೈಯಿಂದ ಕಿತ್ತು, ಎರಡನ್ನೂ ಕೊಟ್ಟ. ಮೀನಿನ ಹೆಂಗಸು ಹೊಳೆಯುವ ಹೊಸ ತಾಟುಗಳನ್ನು ಬೆರಳಿನಿಂದ ಬಡಿದು ನೋಡಿ, ಹಳೆಯವುಗಳ ಮೇಲಿದ್ದ ಬಂಗಡೆ ಮೀನುಗಳನ್ನು ಅವುಗಳ ಮೇಲೆ ಸುರಿದುಕೊಂಡಳು.

"ನೋಡ್ರಿ, ಇವರಿಗೆಲ್ಲಾ ಬುದ್ಧಿ ಐತಿ," ಎಂದ ಗೌಸಸಾಬ. "ಹೊಸಾದು ಕೊಟ್ರ ಹಳೇದು ಬಿಡ್ತಾರ. ಮಡಗಾಂವದ ಸಾವ್ಕಾರಗ ಏನಾಗೇತಿ?"

ಸೀಟಿನ ಮಖಮಲ್ಲು ತೆಗೆದು, ಶನಿವಾರವಿಡೀ ಬಿಚ್ಚಿದ್ದನ್ನು ಮತ್ತೆ ಕೂಡಿಸಿದ. ತಾಟುಗಳನ್ನು ನಿಂಬೆಹಣ್ಣಿನಿಂದ ಐದು ಸಲ ತಿಕ್ಕಿದ.

ಐತವಾರ ಬೆಳಿಗ್ಗೆ ಮೆನೆಜಿಸ್ ಗ್ಯಾರೇಜಿಗೆ ಬಂದರು. ಬಿಳಿ ಪ್ಯಾಂಟು, ಬಿಳಿ ಅಂಗಿ. ಯಾರೊಂದಿಗೂ ಮಾತಾಡದೆ ಕೆಂಪು ಧೂಳಿನಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ಸರಿದುಬಿಟ್ಟರು. ಅಲ್ಲಿಯವರೆಗೆ ಅವರನ್ನು ಹುಚ್ಚನೆಂದುಕೊಂಡಿದ್ದ ಗೌಸಸಾಬ ಟೋಪಿ ಸರಿಮಾಡಿಕೊಂಡ. ಚಕ್ರದ ಬಳಿ ಬಂದಾಗ ಅವರು ಮೂಗು ಅರಳಿಸಿ, "ಕಿತೆಂ ಹೆಂ? ಬಾಂಗ್ಡೊ?" ಎಂದರು, ಇದೇನು ಬಂಗಡೆಯೇ ಎಂದು. ಮಂದಾಕಿನಿಬಾಯಿ ಆಕಾಶ ನೋಡಿದಳು.

ಅರ್ಧ ಗಂಟೆಯ ನಂತರ ಅವರು ಕೈ ಒರೆಸಿಕೊಂಡು ಜೇಬಿನಿಂದ ಕಾಗದಗಳನ್ನು ತೆಗೆದರು. ವ್ಯಾನಿನವು. ಪೆನ್ನಿನ ಮುಚ್ಚಳ ತೆಗೆದು, ಗೌಸಸಾಬನ ಕಡೆ ತಿರುಗಿ, ಹಿಂದಿಯಲ್ಲಿ ಒಂದೇ ಮಾತು ಕೇಳಿದರು: ಎಲ್ಲವೂ ಜಪಾನಿನದೇ ಅಲ್ಲವೆ?

ಮಂದಾಕಿನಿಬಾಯಿ ಆಗಲೇ ತಲೆಯಾಡಿಸಿದ್ದಳು. ಗೌಸಸಾಬ ಆಡಿಸಲಿಲ್ಲ. ಹೌದು ಎಂದರೆ ಸಾಕಿತ್ತು. ಇಡೀ ಕಾರಿನ ಕೆಳಗೆ ತೆವಳಿದವರಿಗೇ ಗೊತ್ತಾಗಿರಲಿಲ್ಲ. ಅವನು ಪೆನ್ನನ್ನು ನೋಡಿದ.

"ಒಂದು ಇಲ್ಲ ಸಾಹೇಬ," ಎಂದ, ಹಿಂದಿಯಲ್ಲಿ. "ಎಂಬತ್ತನಾಲ್ಕರಲ್ಲಿ ಪೆಟ್ರೋಲ್ ಎಳೆಯುವ ಪಂಪು ಸತ್ತಿತು. ಜಪಾನಿನದು ಸಿಗಲಿಲ್ಲ. ಅಂಬಾಸಡರಿನದು ಹಾಕಿದ್ದೇನೆ. ಕಬ್ಬಿಣ ಉಜ್ಜುವ ಅರದಿಂದ ತಿಕ್ಕಿ ತಿಕ್ಕಿ ಕೂಡಿಸಿದ್ದು."

"ಗೌಸಸಾಬ್ರ," ಎಂದಳು ಮಂದಾಕಿನಿಬಾಯಿ, ಬಹಳ ಮೆಲ್ಲಗೆ.

"ಕೇಳಿದ್ರಲ್ರೀ ಬಾಯಾರ. ಕೇಳಿದಾಗ ಏನ ಹೇಳ್ಲಿ?"

ಮೆನೆಜಿಸ್ ಪೆನ್ನು ಮುಚ್ಚಿದರು. ಬಾನೆಟ್ಟು ಎತ್ತಿಸಿ, ಬ್ಯಾಟರಿ ತರಿಸಿ, ಅದರ ಬೆಳಕಿನಲ್ಲಿ ಬಗ್ಗಿ ಹುಡುಕಿದರು. ಸಿಕ್ಕಿತು. ಬಾನೆಟ್ಟು ಹಾಕಿ ಗೌಸಸಾಬನಿಗೆ ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದರು. ಕಾರು ಕುಡಚಡೆಯ ದಿಕ್ಕಿನಲ್ಲಿ ಹೊರಟುಹೋಯಿತು.

ಮಂದಾಕಿನಿಬಾಯಿ ಟಯರಿನ ಮೇಲೆ ಕುಳಿತು ಹನ್ನೊಂದು ಹೆಸರುಗಳನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಮೂರನೆಯ ಸಲ ಅರ್ಧಕ್ಕೆ ಬಂದಿದ್ದಾಗ ಕಾರು ಧೂಳೆಬ್ಬಿಸುತ್ತ ಮರಳಿತು. ಮೆನೆಜಿಸ್ ಕೊಂಕಣಿಯಲ್ಲಿ ಕೂಗುತ್ತಿದ್ದರು, ಗೌಸಸಾಬ ವಿಜಾಪುರದ ಕನ್ನಡದಲ್ಲಿ ಕೂಗುತ್ತಿದ್ದ. ಜಗಳವೇನೋ ಎಂದು ಆಕೆ ಎದ್ದುನಿಂತಳು. ಇಬ್ಬರೂ ನಗುತ್ತಿದ್ದರು.

"ಮಂದಾಕಿನಿಬಾಯ್," ಎಂದರು ಮೆನೆಜಿಸ್, ಇಳಿಯದೆಯೇ. ಮನೆಯಲ್ಲಿ ತಮ್ಮದೊಂದು ಜಪಾನಿ ಕಾರಿದೆ, ಎಲ್ಲ ಅಸಲಿ. ಬೋರಿ ಗುಡ್ಡದ ಏರುದಾರಿ ಬಂದರೆ ಸಾಕು, ಅದರ ಅಸಲಿ ಪಂಪು ಕೈಕೊಡುತ್ತದೆ. ಏರಿನಲ್ಲೂ ತಡವರಿಸದ ಈ ಪಂಪನ್ನು ಯಾರೂ ಮುಟ್ಟಕೂಡದು. ಮತ್ತು ಈ ಮನುಷ್ಯ ಮುಂದಿನ ವಾರ ಒಂದು ಅರ ತೆಗೆದುಕೊಂಡು ಮಡಗಾಂವಕ್ಕೆ ಬರಬೇಕು. ಹೀಗೆಂದು ಸ್ಟೇರಿಂಗಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು.

ಮಂದಾಕಿನಿಬಾಯಿ ಕಾಗದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗೌಸಸಾಬ ಕೆಳಗಿಳಿದ, ಕಾರು ಹೊರಟಿತು. ರೈಲ್ವೆ ಗೇಟಿನವರೆಗೂ ಅದರ ಸದ್ದು ಕೇಳುತ್ತಿತ್ತು. ಗೌಸಸಾಬ ತಲೆ ವಾರೆ ಮಾಡಿ ನಿಂತು ಪೂರ್ತಿ ಕೇಳಿಸಿಕೊಂಡ.

"ಸೆಕೆಂಡ್ ಗೇರು ತಡಾ ಮಾಡಿ ಹಾಕಿದ್ರು," ಎಂದ. "ಕಲೀತಾರ್ರಿ. ಮನಷ್ಯಾ ಚಲೋ ಅದಾರ."