ಒಳಗೆ ಬಿಟ್ಟ ಬಟ್ಟೆ

ಮಗ ಕೋಟಿನ ಎಡಭಾಗ ಹಿಡಿದು ಎಳೆದ. ಗುಂಡಿ ಅಂಗಡಿಯವರು ಬಲಭಾಗ ಹಿಡಿದು ಎಳೆದರು. ನಡುವೆ ಮಾವ ಉಸಿರು ಕಟ್ಟಿ ನಿಂತಿದ್ದರು. ಆದರೂ ಗುಂಡಿಗೂ ಕಾಜಕ್ಕೂ ಮೂರು ಬೆರಳಿನ ದೂರ ಉಳಿಯಿತು.

"ಬಿಡೋ ಮಾರಾಯ, ಶರಟಲ್ಲೇ ಬಾ," ಎಂದರು ಗುಂಡಿ ಅಂಗಡಿಯವರು. ಮಾವನ ಚಡ್ಡಿ ದೋಸ್ತಿ ಅವರು. ಸಾವಿನ ಮನೆಯಲ್ಲೂ ಬಾಯಿಗೆ ಬೀಗ ಇಲ್ಲ. "ಬೈಯೋಕೆ ಅವಳೇನು ಎದ್ದು ಬರ್ತಾಳಾ?"

"ಮದುವೆಗೆ ಅವಳೇ ಹೊಲಿದಿದ್ದು ಕಣೋ. ಇದನ್ನ ಹಾಕ್ಕೊಳ್ದೆ ನಾನು ಹೊಸ್ತಿಲು ದಾಟಲ್ಲ," ಎಂದರು ಮಾವ. "ನಲವತ್ತೊಂದು ವರ್ಷದಿಂದ ಹಾಕ್ತಾ ಇದೀನಿ. ಒಂದಿಂಚೂ ದಪ್ಪ ಆಗಿಲ್ಲ ನಾನು."

ಬಸ್ಸಿನ ಸ್ಟೇರಿಂಗ್ ಮುಂದೆ ಮೂವತ್ತು ವರ್ಷ ಕೂತು ಬೆಳೆಸಿದ ಹೊಟ್ಟೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೆ ಈ ಜಂಬ ಮಾವನದು, ಪ್ರತಿ ಮದುವೆಮನೆಯಲ್ಲೂ ಅದೇ ಕೋಟು, ಅದೇ ಮಾತು. ಪಕ್ಕದಲ್ಲಿ ಅತ್ತೆ ಸುಮ್ಮನೆ ನಗುತ್ತಿದ್ದರು.

ಈಗ ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಅವರಿಗೆ ಹೊದಿಸಿದ ಬಿಳಿ ಬಟ್ಟೆಯ ಅಂಚನ್ನು ಸೊಸೆ ಬೆಳಗ್ಗೆ ಎದ್ದು ಮಡಚಿ ಹೊಲಿದಿದ್ದಳು. ಎಳೆ ಬಿಟ್ಟ ಅಂಚು ಕಂಡರೆ ಅವರು ಅಲ್ಲೇ ಎದ್ದು ಕೂತಾರೆಂದು ಅವಳಿಗೆ ಅನಿಸಿತ್ತು.

ಮಾವ ನಿನ್ನೆಯಿಂದ ಏನೂ ತಿಂದಿರಲಿಲ್ಲ, ನೀರು ಬಿಟ್ಟು. ಈ ಕೋಟಿನ ಹಟದಲ್ಲಿ ಇನ್ನೂ ಕುಸಿದುಹೋದರೆ ಎಂದು ಅವಳಿಗೆ ದಿಗಿಲಾಯಿತು. ಗಾಡಿ ಬರಲು ಮುಕ್ಕಾಲು ಗಂಟೆ ಇತ್ತು.

"ಕೊಡಿ ಮಾವ, ಸುಕ್ಕಾಗಿದೆ. ಒಂದು ಇಸ್ತ್ರಿ ಹಾಕಿಕೊಡ್ತೀನಿ," ಎಂದಳು.

ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕೋಟಿನ ಒಳಗಿನ ಅಸ್ತರು ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತಳು. ಪಕ್ಕದ ಹೊಲಿಗೆಯ ಆಚೆ ಹಳೆಯ ಸೂಜಿ ತೂತುಗಳ ಸಾಲು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಮೂರು ಸಲ ಬಿಚ್ಚಿ ಹಿಗ್ಗಿಸಿದ ಕೋಟು. ಕೊನೆಯ ಸಲದ ಹೊಲಿಗೆ ಸ್ವಲ್ಪ ಸೊಟ್ಟಗಿತ್ತು. ಆ ವರ್ಷ ಅತ್ತೆಯ ಕೈ ನಡುಗಲು ಶುರುವಾಗಿತ್ತು. ಮದುವೆಗೆ ಹೊಲಿಯುವಾಗಲೇ, ಅರ್ಧ ಇಂಚು ಬಿಡುವ ಕಡೆ ಅವರು ಅಂಗೈಯಗಲ ಬಟ್ಟೆ ಬಿಟ್ಟಿದ್ದರು. ಅದರಲ್ಲಿ ಪ್ರತಿ ಅಂಚಿಗೂ ಎರಡು ಬೆರಳಿನಷ್ಟು ಇನ್ನೂ ಉಳಿದಿತ್ತು.

ಸೊಸೆಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

*

ಮದುವೆಗೆ ಮುಂಚೆ ಅಳತೆ ತೆಗೆಯುವಾಗ ಹುಡುಗ ಕಡ್ಡಿಯ ಹಾಗಿದ್ದ. ಟೇಪು ಅವನ ಸೊಂಟ ಸುತ್ತಿ ಇನ್ನೂ ಮೊಣಕಾಲಿನವರೆಗೆ ಜೋತುಬಿದ್ದಿತ್ತು. ಹುಡುಗಿ ಅಳತೆ ಬರೆದುಕೊಂಡು ಬಟ್ಟೆ ಅಂಗಡಿಗೆ ಹೋಗಿ ಮೂರು ಮೀಟರ್ ಕೇಳಿದಳು.

"ಈ ಅಳತೆಗೆ ಎರಡು ಮೀಟರ್ ಸಾಕಲ್ಲಮ್ಮ," ಎಂದ ಅಂಗಡಿಯವನು.

"ಮೂರು ಕೊಡಿ ಅಣ್ಣ," ಎಂದಳು ಅವಳು. "ನಾನು ಅಡುಗೆ ಚೆನ್ನಾಗಿ ಮಾಡ್ತೀನಿ."

ಈ ಕತೆಯನ್ನು ಅತ್ತೆ ಸೊಸೆಗೆ ಹೊಲಿಗೆ ಕಲಿಸುವಾಗ ಹೇಳಿ ನಕ್ಕಿದ್ದರು. ಆ ಹೆಚ್ಚಿನ ಬಟ್ಟೆ ಎಲ್ಲಿಗೆ ಹೋಯಿತೆಂದು ಮಾತ್ರ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

*

ಸೊಸೆ ಎರಡೂ ಪಕ್ಕ, ಹಿಂದಿನ ಅಂಚಿಗೂ ಮುಂದಿನ ಅಂಚಿಗೂ ಒಂದೊಂದು ಬೆರಳು ಬಿಟ್ಟುಕೊಂಡು ಹೊಸ ಹೊಲಿಗೆ ಹಾಕಿದಳು. ಮಿಷನ್ನಿನ ಸದ್ದು ಹೊರಗೆ ಕೇಳದಂತೆ ಕಾಲಿನಿಂದ ಮೆಲ್ಲಗೆ ತುಳಿದಳು. ಒಳಗೇ ಅಡಗಿದ್ದ ಬಟ್ಟೆ ಬಿಸಿಲು ಕಾಣದೆ ಕಪ್ಪಗೇ ಉಳಿದಿತ್ತು. ಮಾಸಿದ ಕೋಟಿನ ಕಂಕುಳಡಿ ಅದು ಹೊಸ ಪಟ್ಟಿಯಂತೆ ಎದ್ದುಕಂಡಿತು. ಇಸ್ತ್ರಿ ಎಷ್ಟು ಒತ್ತಿದರೂ ಅದು ಅಡಗಲಿಲ್ಲ.

ಮಾವ ತೋಳು ತೂರಿಸಿದರು. ಗುಂಡಿ ಕಾಜದೊಳಗೆ ಸಲೀಸಾಗಿ ಕೂತಿತು.

"ನೋಡಿದ್ಯೇನೋ? ಒಂದಿಂಚೂ ಇಲ್ಲ," ಎಂದು ಅವರು ಗೆಳೆಯನ ಕಡೆ ತಿರುಗಿದರು.

"ಇಸ್ತ್ರಿಪೆಟ್ಟಿಗೆಗೆ ಇಷ್ಟೊಂದು ಮಹಿಮೆ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದರು ಗುಂಡಿ ಅಂಗಡಿಯವರು. ಮಗ ನಕ್ಕುಬಿಟ್ಟ. ಮಾವ ಎದೆ ಸೆಟೆಸಿಕೊಂಡು ಹೆಂಡತಿಯ ಹತ್ತಿರ ಹೋಗಿ, ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, "ಹೊಲಿಗೆ ನೇರ ಇದೆ ಕಣೇ," ಎಂದು ಮೆಲ್ಲಗೆ ಹೇಳಿದರು. ಆಗ ಗಾಡಿ ಬಂತು.

ಎಲ್ಲ ಮುಗಿಸಿ ವಾಪಸ್ಸಾದಾಗ ಮಧ್ಯಾಹ್ನ ಕಳೆದಿತ್ತು. ಬಂದವರು ಊಟಕ್ಕೆ ಕೂತರು. ಸೊಸೆ ಬಡಿಸಿದ ಅನ್ನವನ್ನು ಮಾವ ತಟ್ಟೆಯ ಆ ಬದಿಯಿಂದ ಈ ಬದಿಗೆ ತಳ್ಳುತ್ತ ಕೂತರು. ಕೋಟು ಇನ್ನೂ ಬಿಚ್ಚಿರಲಿಲ್ಲ.

"ಎರಡು ತುತ್ತಾದ್ರೂ ತಿನ್ನಿ ಮಾವ," ಎಂದಳು ಅವಳು.

ಮಾವ ತೋಳೆತ್ತಿ, ಕಂಕುಳಡಿಯ ಕಪ್ಪು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಪ್ರತಿ ಸಲವೂ ಹೀಗೇ, ಇಲ್ಲಿ ಒಂದು ಹೊಸ ಪಟ್ಟಿ ಬರೋದು," ಎಂದರು. "ಅವಳು ಹೇಳ್ತಿರ್ಲಿಲ್ಲ. ನಾನು ಕೇಳ್ತಿರ್ಲಿಲ್ಲ."

ಸೊಸೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಒಳಗೆ ಇನ್ನೆಷ್ಟು ಬಿಟ್ಟಿದ್ದಾಳಮ್ಮ?"

"ಒಂದು ಬೆರಳು ಇದೆ, ಮಾವ."

ಮಾವ ಆ ಪಟ್ಟಿಯ ಪಕ್ಕ ಒಂದು ಬೆರಳಿಟ್ಟು ಅಳತೆ ನೋಡಿದರು. ಆಮೇಲೆ ಮೊದಲ ತುತ್ತು ಬಾಯಿಗಿಟ್ಟು, ತಟ್ಟೆಯನ್ನು ಅವಳ ಕಡೆಗೆ ಸರಿಸಿದರು.

"ಹಾಗಾದ್ರೆ ಇನ್ನೊಂದು ಸೌಟು ಹಾಕು."